ಹಗೆ ಬೇಡ, ದೂರು ಇರಲಿ: ಕ್ರೈಸ್ತ ಯುವಜನರಿಗೆ ಒಂದು ಬಹಿರಂಗ ಪತ್ರ

ಕ್ರಿಸ್ತನಲ್ಲಿ ಪ್ರಿಯರಾದ ಕರ್ನಾಟಕದ ಯುವಕ ಯುವತಿಯರೇ,



ನೀವು ಸಿಎಸ್‌ಐ ಸಭೆಯವರಿರಬಹುದು, ಕಥೋಲಿಕರಿರಬಹುದು, ಮೆಥೋಡಿಸ್ಟ್ ಅಥವಾ ಪೆಂತೆಕೋಸ್ತ್ ಸಭೆಗಳವರಿರಬಹುದು, ಹಳ್ಳಿಯ ಬಾಡಿಗೆ ಮನೆಯಲ್ಲಿ ಸೇರುವ ಪ್ರಾರ್ಥನಾ ಕೂಟಕ್ಕೆ ಹೋಗುವವರಿರಬಹುದು. ಈ ಪತ್ರ ನಿಮ್ಮೆಲ್ಲರಿಗೂ ಸೇರಿದ್ದು. ನಾನು ಬಹಳ ವರ್ಷ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದವಳು. ಪರ್ವತ ಪ್ರಸಂಗವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು. ಆ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಅವರ ಪ್ರಶ್ನೆಗಳೂ ದೊಡ್ಡವಾಗಿವೆ. "ಟೀಚರ್, ಪ್ರಾರ್ಥನೆ ಮಾಡುತ್ತಿದ್ದವರನ್ನು ಹೊರಗೆಳೆದು ಹೊಡೆದ ವಿಡಿಯೋ ನೋಡಿದ ಮೇಲೂ ವೈರಿಯನ್ನು ಪ್ರೀತಿಸಿ ಎನ್ನುತ್ತೀರಾ? ಇನ್ನೆಷ್ಟು ದಿನ ಪೆಟ್ಟು ತಿಂದುಕೊಂಡೇ ಇರಬೇಕು?" ಎಂದು ಕೇಳುತ್ತಾರೆ. ಹಾಗೆ ಕೇಳುವಾಗ ಅವರ ಗಂಟಲು ಬಿಗಿದಿರುತ್ತದೆ. ಹಾರಿಕೆಯ ಉತ್ತರ ಕೊಟ್ಟು ಕಳುಹಿಸುವ ಪ್ರಶ್ನೆ ಇದಲ್ಲ.

ನನ್ನ ಉತ್ತರ ಹೌದು ಎಂದೇ. ಆದರೆ ಆ ಹೌದಿನ ಜೊತೆಗೆ ಇನ್ನೊಂದು ಮಾತಿದೆ, ನಮ್ಮ ಪ್ರಸಂಗಪೀಠಗಳಲ್ಲಿ ಅದು ಅಷ್ಟಾಗಿ ಕೇಳಿಬರುವುದಿಲ್ಲ. ಪ್ರೀತಿಸು ಎಂದರೆ ಬಾಯಿ ಮುಚ್ಚಿಕೊಂಡಿರು ಎಂದಲ್ಲ, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಡ ಎಂದೂ ಅಲ್ಲ. ಕೇಡು ಮಾಡಿದವನನ್ನು ಹಗೆ ಮಾಡಬಾರದು. ಅವನು ಮಾಡಿದ ಕೇಡನ್ನು ಮುಚ್ಚಿಡಲೂ ಬಾರದು. ಇದು ಕ್ರಿಸ್ತನ ದಾರಿ. ಎರಡರಲ್ಲಿ ಯಾವುದೊಂದನ್ನು ಬಿಟ್ಟರೂ ಆತನ ದಾರಿಯನ್ನೇ ಬಿಟ್ಟ ಹಾಗೆ.

ನಿಮ್ಮ ಸಿಟ್ಟು ಪಾಪವೆಂದು ನಾನು ಹೇಳುವುದಿಲ್ಲ. 2008ರ ಸೆಪ್ಟೆಂಬರ್ 14, ಭಾನುವಾರ, ಮಂಗಳೂರಿನ ಮಿಲಾಗ್ರಿಸ್ ಚರ್ಚಿನ ಬಳಿಯ ಕನ್ಯಾಮಠದ ಆರಾಧನಾ ಮಂದಿರಕ್ಕೆ ಗುಂಪೊಂದು ನುಗ್ಗಿ ಶಿಲುಬೆಯನ್ನು ಒಡೆದ ಸುದ್ದಿ ಬಂದಾಗ ನನ್ನ ಕೈಕಾಲು ನಡುಗಿದ್ದು ಇಂದಿಗೂ ನೆನಪಿದೆ. ಅದೇ ದಿನ ಕರಾವಳಿ ಮತ್ತು ಮಲೆನಾಡಿನ ಇನ್ನೂ ಹಲವು ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿಯಾಯಿತು. ಜನ ಚರ್ಚುಗಳ ಮುಂದೆ ಸೇರಿದರು. ಪ್ರತಿಭಟನೆ ನಡೆಯಿತು, ಕೆಲವು ಕಡೆ ಕಲ್ಲು ಹಾರಿತು, ಲಾಠಿ ಬೀಸಿತು. ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಕೊಟ್ಟ ಅಂತಿಮ ವರದಿಯಿಂದ ಸಮುದಾಯದ ಬಹಳ ಮಂದಿಗೆ ಸಮಾಧಾನವಾಗಲಿಲ್ಲ.

ಆ ದಿನಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇಷ್ಟು. ದುಃಖದಿಂದ ಬೀದಿಗೆ ಬಂದ ಹುಡುಗರಲ್ಲಿ ಕೆಲವರು ಕಲ್ಲು ಎತ್ತಿಕೊಂಡರು, ಅವರ ಮೇಲೂ ಮೊಕದ್ದಮೆ ಬಿತ್ತು. ನನ್ನ ತರಗತಿಯಲ್ಲಿ ಕಲಿತವನೊಬ್ಬನ ತಾಯಿ ವಕೀಲರ ಕಚೇರಿಯ ಬೆಂಚಿನ ಮೇಲೆ ಮಗನ ಅಂಕಪಟ್ಟಿ ಹಿಡಿದು ಕೂತಿದ್ದರು. "ನನ್ನ ಮಗ ಕೆಟ್ಟವನಲ್ಲ ಅಂತ ಇದನ್ನು ತೋರಿಸಬಹುದಾ ಟೀಚರ್?" ಎಂದು ಕೇಳಿದರು. ಒಂದು ಕಲ್ಲಿನಿಂದ, ದೂರು ಕೊಡಬೇಕಾದವರು ಆರೋಪಿಗಳ ಸಾಲಿನಲ್ಲಿ ನಿಂತರು. ನಮ್ಮ ನೋವಿನ ಮಾತನ್ನು ಕೇಳಲು ತಯಾರಿದ್ದವರೂ ನಮ್ಮ ಕಲ್ಲಿನ ಮಾತನ್ನೇ ಆಡತೊಡಗಿದರು.

ಈಗ ಸತ್ಯವೇದದ ಕಡೆಗೆ ಬನ್ನಿ. ಗೆತ್ಸೇಮನೆಯ ತೋಟದಲ್ಲಿ ಪೇತ್ರ ಕತ್ತಿ ಹಿರಿದು ಮಹಾಯಾಜಕನ ಆಳಾದ ಮಲ್ಕನ ಕಿವಿ ಕತ್ತರಿಸಿದ. ಪೇತ್ರನಿಗೆ ಯೇಸುವಿನ ಮೇಲೆ ಪ್ರೀತಿಯಿರಲಿಲ್ಲವೇ? ಇತ್ತು. ಪ್ರೀತಿಯಿಂದಲೇ ಕತ್ತಿ ಎತ್ತಿದ. ಯೇಸು ಅವನನ್ನು ತಡೆದು, ಆ ಕಿವಿಯನ್ನು ಮುಟ್ಟಿ ವಾಸಿ ಮಾಡಿದನೆಂದು ಲೂಕ ಬರೆಯುತ್ತಾನೆ. ಶಿಲುಬೆಗೆ ಹೋಗುವ ಮುನ್ನ ಆತ ಕೊನೆಯದಾಗಿ ಗುಣಪಡಿಸಿದ್ದು ತನ್ನನ್ನು ಹಿಡಿಯಲು ಬಂದವರಲ್ಲಿ ಒಬ್ಬನನ್ನು.

ಅದೇ ರಾತ್ರಿ ವಿಚಾರಣೆಯಲ್ಲಿ ಒಬ್ಬ ಕಾವಲಿನವನು ಯೇಸುವಿನ ಮುಖಕ್ಕೆ ಹೊಡೆದ. ಆಗ ಯೇಸು ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ನಾನು ಆಡಿದ್ದರಲ್ಲಿ ತಪ್ಪಿದ್ದರೆ ಅದನ್ನು ತೋರಿಸಿಕೊಡು, ಇಲ್ಲದಿದ್ದರೆ ನನ್ನನ್ನು ಯಾಕೆ ಹೊಡೆದೆ ಎಂಬರ್ಥದಲ್ಲಿ ನೇರವಾಗಿ ಪ್ರಶ್ನಿಸಿದ. ಯೋಹಾನನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಇದನ್ನು ಓದಬಹುದು. ಇನ್ನೊಂದು ಕೆನ್ನೆ ತೋರಿಸು ಎಂದು ಕಲಿಸಿದವನೇ, ಪೆಟ್ಟು ಬಿದ್ದ ಗಳಿಗೆಯಲ್ಲಿ ಹೊಡೆದವನಿಂದ ಕಾರಣ ಕೇಳಿದ. ಅದು ದ್ವೇಷವಿಲ್ಲದ ಪ್ರಶ್ನೆ, ಹೆದರಿಕೆಯೂ ಇಲ್ಲದ ಪ್ರಶ್ನೆ.

ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿ ಪೌಲ ಸೀಲರ ಕಥೆಯಿದೆ. ಫಿಲಿಪ್ಪಿ ಪಟ್ಟಣದಲ್ಲಿ ಅವರನ್ನು ವಿಚಾರಣೆಯೇ ಇಲ್ಲದೆ ಹೊಡೆದು ಸೆರೆಯಲ್ಲಿಟ್ಟರು. ನಡುರಾತ್ರಿ ಭೂಮಿ ನಡುಗಿ ಬಾಗಿಲುಗಳು ತೆರೆದಾಗ, ಕೈದಿಗಳು ಓಡಿಹೋದರೆಂದು ಭಾವಿಸಿದ ಸೆರೆಮನೆಯ ಯಜಮಾನ ತನ್ನನ್ನೇ ಕೊಂದುಕೊಳ್ಳಲು ಕತ್ತಿ ಹಿರಿದ. ಪೌಲ ಕೂಗಿ ಅವನ ಜೀವ ಉಳಿಸಿದ. ಇದು ರಾತ್ರಿಯ ಮಾತು. ಬೆಳಗಾದಾಗ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಬಿಡಲು ಹೇಳಿ ಕಳುಹಿಸಿದರೆ, ಅದೇ ಪೌಲ ಒಪ್ಪಲಿಲ್ಲ. ರೋಮ್ ಪೌರರಾದ ತಮ್ಮನ್ನು ಎಲ್ಲರ ಮುಂದೆ ಹೊಡೆಸಿದವರು ತಾವೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದ. ಅವರು ಬಂದರು, ಬೇಡಿಕೊಂಡರು. ರಾತ್ರಿ ಸೆರೆಮನೆಯವನ ಮೇಲೆ ಕರುಣೆ, ಬೆಳಿಗ್ಗೆ ಅಧಿಕಾರಿಗಳ ಮುಂದೆ ಹಕ್ಕಿನ ಮಾತು. ಒಬ್ಬನೇ ಮನುಷ್ಯ, ಒಂದೇ ನಂಬಿಕೆ.

ಇದು ಹಳೆಯ ಕಾಲಕ್ಕೆ ಮುಗಿದ ಕಥೆಯಲ್ಲ. 1999ರ ಜನವರಿ 22ರ ನಡುರಾತ್ರಿ ಒಡಿಶಾದ ಕಿಯೋಂಜರ್ ಜಿಲ್ಲೆಯ ಮನೋಹರಪುರದಲ್ಲಿ, ವಾಹನದೊಳಗೆ ಮಲಗಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀವಂತ ಸುಟ್ಟರು. ಫಿಲಿಪ್‌ಗೆ 10 ವರ್ಷ, ತಿಮೊಥಿಗೆ 6. ಗ್ರಹಾಂ 1965ರಲ್ಲಿ ಆಸ್ಟ್ರೇಲಿಯಾದಿಂದ ಬಂದು ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದವರು. ಅವರ ಹೆಂಡತಿ ಗ್ಲಾಡಿಸ್, ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಉಳಿದೊಬ್ಬ ಮಗಳೊಂದಿಗೆ ತಾಯ್ನಾಡಿಗೆ ಹೋಗಬಹುದಿತ್ತು. ಹೋಗದೆ ಬಾರಿಪದಾದಲ್ಲೇ ನಿಂತು 2004ರವರೆಗೆ ಆ ರೋಗಿಗಳ ಗಾಯ ತೊಳೆಯುವ ಕೆಲಸ ಮುಂದುವರಿಸಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು.

ಅವರ ಕ್ಷಮೆಯನ್ನು ನಾವೆಲ್ಲ ಕೊಂಡಾಡುತ್ತೇವೆ. ಆದರೆ ಆ ಕ್ಷಮೆ ಕಾನೂನಿನ ಕೈ ಕಟ್ಟಲಿಲ್ಲ ಎಂಬುದನ್ನೂ ನೋಡಿ. ತನಿಖೆ ನಡೆಯಿತು. ಈ ಕೊಲೆಗಳ ವಿಚಾರಣೆಗೆ ನೇಮಕವಾದ ನ್ಯಾಯಮೂರ್ತಿ ವಾಧ್ವಾ ಆಯೋಗದ ಮುಂದೆ ಗ್ಲಾಡಿಸ್ ತಮ್ಮ ಹೇಳಿಕೆ ಕೊಟ್ಟರು. ಮುಖ್ಯ ಅಪರಾಧಿಗೆ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾಡಿದ ಕೃತ್ಯದ ಲೆಕ್ಕವನ್ನು ನ್ಯಾಯಾಲಯ ನೋಡಿಕೊಂಡಿತು. ಆ ತಾಯಿ ತನ್ನ ಮನಸ್ಸಿನಲ್ಲಿ ಹಗೆಗೆ ಜಾಗ ಕೊಡಲಿಲ್ಲ, ಅಷ್ಟೇ.

ಇನ್ನೊಂದು ನಿದರ್ಶನ ಸಿಸ್ಟರ್ ರಾಣಿ ಮರಿಯಾ ಅವರದು. ಕೇರಳದಲ್ಲಿ ಹುಟ್ಟಿ ಮಧ್ಯಪ್ರದೇಶದ ಉದಯನಗರದ ಬಡ ರೈತರ ನಡುವೆ ಸೇವೆ ಮಾಡುತ್ತಿದ್ದ ಅವರನ್ನು 1995ರ ಫೆಬ್ರವರಿ 25ರಂದು, ಬಸ್ ಪ್ರಯಾಣದ ನಡುವೆ ಸಮಂದರ್ ಸಿಂಗ್ ಎಂಬಾತ ಇರಿದು ಕೊಂದ. ಅವರ ಸೇವೆಯಿಂದ ಬಡವರು ಸಾಲದ ಬಲೆಯಿಂದ ಹೊರಬರುವುದನ್ನು ಕೆಲವರಿಗೆ ಸಹಿಸಲಾಗಿರಲಿಲ್ಲ. ಕೊಂದವನಿಗೆ ಶಿಕ್ಷೆಯಾಯಿತು, ಸೆರೆಮನೆಗೆ ಹೋದ. 2002ರಲ್ಲಿ ರಾಣಿ ಮರಿಯಾ ಅವರ ತಂಗಿ, ತಾನೂ ಸಿಸ್ಟರ್ ಆಗಿರುವ ಸೆಲ್ಮಿ ಪಾಲ್, ಸೆರೆಮನೆಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಅಕ್ಕನನ್ನು ಕೊಂದವನನ್ನು ಅಣ್ಣನೆಂದು ಕರೆದರು. ಅವನ ಬಿಡುಗಡೆಗಾಗಿ ಅರ್ಜಿ ಹಾಕಿದವರಲ್ಲಿ ಆ ಕುಟುಂಬವೇ ಸೇರಿತ್ತು. 2006ರಲ್ಲಿ ಬಿಡುಗಡೆಯಾದ ಮೇಲೆ ಆತ ಕೇರಳದ ಆ ಮನೆಗೆ ಹೋದ. ಕೊಲೆಯಾದ ಮಗಳ ತಾಯಿ ಅವನನ್ನು ಬರಮಾಡಿಕೊಂಡರು. ಕ್ರೈಸ್ತ ಪ್ರೀತಿ ಈ ದೇಶದ ಮಣ್ಣಿನಲ್ಲಿ ಹೇಗೆ ನಡೆಯುತ್ತದೆ ಎಂದು ಯಾರಾದರೂ ಕೇಳಿದರೆ, ಆ ರಾಖಿಯನ್ನು ತೋರಿಸಿ.

ಕಾನೂನು ಮತ್ತು ಪ್ರೀತಿ ಒಟ್ಟಿಗೆ ನಡೆಯಲಾರವು ಎನ್ನುವವರಿಗೆ ಅಮೆರಿಕದ ಮಾಂಟ್‌ಗೊಮರಿಯ ಚರಿತ್ರೆ ಹೇಳಿ. 1956ರ ಜನವರಿ 30ರ ರಾತ್ರಿ ಸಭಾಪಾಲಕ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬ್ ಎಸೆದರು. ಒಳಗೆ ಹೆಂಡತಿ ಮತ್ತು ಹಸುಗೂಸು ಇದ್ದರು, ದೇವರ ದಯೆಯಿಂದ ಉಳಿದರು. ಮನೆಯ ಮುಂದೆ ಸಿಟ್ಟಿಗೆದ್ದ ಜನ ಆಯುಧ ಹಿಡಿದು ಸೇರಿದರು. ಒಡೆದ ಜಗಲಿಯ ಮೇಲೆ ನಿಂತು ಕಿಂಗ್, ಆಯುಧ ಬಿಟ್ಟು ಮನೆಗೆ ಹೋಗಿ, ನಮ್ಮನ್ನು ದ್ವೇಷಿಸುವವರನ್ನು ನಾವು ಪ್ರೀತಿಸಬೇಕು ಎಂದು ಜನರನ್ನು ಒಪ್ಪಿಸಿದರು. ಎರಡೇ ದಿನಗಳ ಬಳಿಕ, ಫೆಬ್ರವರಿ 1ರಂದು, ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ ಮಾಂಟ್‌ಗೊಮರಿಯ ಕಪ್ಪು ಮಹಿಳೆಯರ ಪರವಾಗಿ ಫೆಡರಲ್ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಲಾಯಿತು. ಅದಕ್ಕೂ ಮೊದಲೇ ಶುರುವಾಗಿದ್ದ ಬಸ್ ಬಹಿಷ್ಕಾರದಲ್ಲಿ ಒಟ್ಟು 381 ದಿನ ಜನ ಬಸ್ ಹತ್ತದೆ ನಡೆದರು. ಆ ಮೊಕದ್ದಮೆ ಗೆದ್ದಿತು, ಆ ವರ್ಷದ ಡಿಸೆಂಬರ್‌ನಲ್ಲಿ ಬಸ್ಸುಗಳಿಂದ ಭೇದ ಹೋಯಿತು. ಅಂದು ರಾತ್ರಿ ಆ ಜಗಲಿಯಿಂದ ಜನ ಗುಂಡು ಹಾರಿಸಲು ಹೊರಟಿದ್ದರೆ ನ್ಯಾಯಾಲಯದಲ್ಲಿ ಅವರ ಮಾತನ್ನು ಕೇಳುವವರು ಯಾರಿರುತ್ತಿದ್ದರು?

ಪ್ರಿಯರೇ, ಪ್ರೀತಿಸಿದರೆ ಯಾವಾಗಲೂ ಫಲ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ಕೆಲವರು ಬದಲಾಗುವುದಿಲ್ಲ. ಕೆಲವರು ನಿಮ್ಮ ಕ್ಷಮೆಯನ್ನು ಬಲಹೀನತೆ ಎಂದುಕೊಳ್ಳುತ್ತಾರೆ. ಶಿಲುಬೆಯ ಮೇಲೆ ಯೇಸು ಕ್ಷಮೆಗಾಗಿ ಪ್ರಾರ್ಥಿಸಿದಾಗಲೂ ಕೆಳಗಿದ್ದವರು ಆತನ ಬಟ್ಟೆಗೆ ಚೀಟಿ ಹಾಕುತ್ತಿದ್ದರು. ಆದರೂ ಆತ ಪ್ರಾರ್ಥಿಸಿದ. ವೈರಿ ಬದಲಾಗಲಿ, ಬಿಡಲಿ, ನಾವು ಅವನಂತೆ ಆಗಬಾರದು.

ಹಾಗೆ ಆಗುವ ಅಪಾಯ ನಮಗೂ ಇದೆ. 1994ರಲ್ಲಿ ರುವಾಂಡಾದಲ್ಲಿ ಸುಮಾರು ನೂರು ದಿನಗಳಲ್ಲಿ ಟುಟ್ಸಿ ಸಮುದಾಯದ ಲಕ್ಷಾಂತರ ಜನರ ಕೊಲೆಯಾಯಿತು. ಆ ದೇಶದ ಹೆಚ್ಚಿನ ಜನ ಕ್ರೈಸ್ತರೇ. ಆಶ್ರಯ ಬೇಡಿ ಬಂದವರನ್ನು ಚರ್ಚುಗಳ ಒಳಗೇ ಕೊಂದರು. ಕೊಂದವರಲ್ಲಿ ಎಷ್ಟೋ ಮಂದಿ ಭಾನುವಾರ ಅದೇ ಹಾಡುಗಳನ್ನು ಹಾಡಿದವರು. ದೀಕ್ಷಾಸ್ನಾನದ ದಾಖಲೆ ಹಗೆಯಿಂದ ಯಾರನ್ನೂ ಕಾಪಾಡುವುದಿಲ್ಲ. ದ್ವೇಷ ಬೇರೆಯವರಿಗೆ ಬರುವ ರೋಗ, ನಮಗಲ್ಲ ಎಂದು ಎಂದೂ ತಿಳಿಯಬೇಡಿ.

ಇದೇ ಉಸಿರಿನಲ್ಲಿ ಕಠಿಣವಾದ ಒಂದು ಮಾತು. ಕ್ಷಮೆ ಎಂಬ ಪದವನ್ನು ಬಲಹೀನರ ಬಾಯಿಗೆ ಬಟ್ಟೆ ತುರುಕಲು ಬಳಸಬೇಡಿ. ಗಂಡನ ಕೈಯಲ್ಲಿ ದಿನಾ ಹೊಡೆತ ತಿನ್ನುವ ಹೆಣ್ಣುಮಗಳು ಸಭೆಯ ಹಿರಿಯರ ಬಳಿಗೆ ಬಂದರೆ, "ಪ್ರಾರ್ಥನೆ ಮಾಡಮ್ಮಾ, ತಾಳಿಕೋ, ಕ್ಷಮಿಸು" ಎಂದು ಅದೇ ಮನೆಗೆ ಕಳುಹಿಸಿದ್ದನ್ನು ನಾನು ಕಂಡಿದ್ದೇನೆ. ಅದು ಸಮಾಧಾನವಲ್ಲ, ಅನ್ಯಾಯಕ್ಕೆ ಹಾಕಿದ ಸಹಿ. ಕ್ಷಮಿಸುವುದು ನೋವುಂಡವರು ತಮ್ಮ ಹೊತ್ತಿಗೆ, ತಮ್ಮ ಮನಸ್ಸಿನಿಂದ ಕೊಡುವಂಥದ್ದು. ಪಕ್ಕದಲ್ಲಿ ನಿಂತವರು ಅದನ್ನು ಕೇಳಿ ವಸೂಲಿ ಮಾಡುವ ಹಾಗಿಲ್ಲ. ಮೊದಲು ಆಕೆಗೆ ಸುರಕ್ಷಿತವಾದ ಜಾಗ, ಜೊತೆಗೆ ಒಬ್ಬರ ಆಸರೆ, ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯ ನೆರವು ಸಿಗಲಿ. ಉಳಿದದ್ದು ದೇವರಿಗೂ ಆಕೆಗೂ ಬಿಟ್ಟದ್ದು.

ಇನ್ನು ನಮ್ಮ ಸಭೆಗಳ ಒಳಗಿನ ಮಾತು. ಹೊರಗಿನ ವೈರಿಯನ್ನು ಪ್ರೀತಿಸುವ ಪ್ರಸಂಗ ಕೇಳಿ ಹೊರಬಂದವರು ಸಭೆಯ ಚುನಾವಣೆಯಲ್ಲಿ ಎರಡು ಪಂಗಡವಾಗಿ ವರ್ಷಗಟ್ಟಲೆ ಮಾತು ಬಿಟ್ಟಿರುತ್ತಾರೆ. ಆಸ್ತಿಯ ಸಲುವಾಗಿ ಅಣ್ಣತಮ್ಮಂದಿರು ಒಂದೇ ಬೆಂಚಿನಲ್ಲಿ ಕೂರುವುದಿಲ್ಲ. ಮದುವೆಯ ಮಾತು ಬಂದಾಗ ಜಾತಿ ಯಾವುದೆಂದು ಮೆಲ್ಲಗೆ ಕೇಳುತ್ತಾರೆ. ಸಹೋದರರು ತಮ್ಮ ವ್ಯಾಜ್ಯಗಳನ್ನು ನ್ಯಾಯಾಲಯಕ್ಕೆ ಎಳೆಯುವುದನ್ನು ಕಂಡು ಪೌಲ ಕೊರಿಂಥದವರನ್ನು ಗದರಿಸಿದ್ದ. ಅಪರಾಧವಾದಲ್ಲಿ ಠಾಣೆಗೆ ಹೋಗಲೇಬೇಕು. ಆದರೆ ಅಧ್ಯಕ್ಷ ಗಾದಿಗೂ ಅಂಗಡಿ ಬಾಡಿಗೆಗೂ ಸಭೆಯ ಕಾಣಿಕೆ ಹಣ ಸುರಿದು ವಕೀಲರನ್ನು ಹಿಡಿಯುವವರು ಊರಿಗೆ ಶಾಂತಿಯ ಪಾಠ ಹೇಳಿದರೆ ಯಾರು ಕೇಳುತ್ತಾರೆ? ಗಾಂಧೀಜಿ ಲಂಡನ್ನಿನಲ್ಲಿ ಓದುತ್ತಿದ್ದಾಗ ಪರ್ವತ ಪ್ರಸಂಗ ಅವರ ಮನಸ್ಸಿಗೆ ನೇರವಾಗಿ ನಾಟಿತು, ಬಾಳಿನುದ್ದಕ್ಕೂ ಅದನ್ನು ಬಿಡಲಿಲ್ಲ. ಬಾಯಿಪಾಠ ಮಾಡಿದ ನಾವು ಅದನ್ನು ನಡೆಯಲ್ಲಿ ತೋರಿಸಬೇಡವೇ?

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆಗಳು ಇವು.

ಮೊದಲನೆಯದು, ಏನಾದರೂ ನಡೆದ ಆ ಮೊದಲ ರಾತ್ರಿ ನಿಮ್ಮ ಕೈ ನಿಮ್ಮ ಹಿಡಿತದಲ್ಲಿರಲಿ. ಕಲ್ಲನ್ನೂ ಎತ್ತಬೇಡಿ, ಫೋನಿನಲ್ಲಿ ಬಂದದ್ದನ್ನೂ ದಾಟಿಸಬೇಡಿ. ಬೇರೆ ಊರಿನ, ಬೇರೆ ವರ್ಷದ ವಿಡಿಯೋ ನಮ್ಮ ಊರಿನದೆಂದು ಹರಿದಾಡುವುದುಂಟು. 112ಕ್ಕೆ ಕರೆ ಮಾಡಿ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿ. ಕಂಡದ್ದನ್ನು ಕಂಡ ಹಾಗೆ, ಸಮಯ ಸಹಿತ, ಬರೆದಿಡಿ. ನೀವು ತೆಗೆದ ವಿಡಿಯೋ ಪೊಲೀಸರಿಗೂ ವಕೀಲರಿಗೂ ಹೋಗಲಿ, ಗುಂಪುಗಳಿಗೆ ಬೇಡ.

ಎರಡನೆಯದು, ದೂರು ಕೊಡಿ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕೆಂದು ಕಾನೂನೇ ಹೇಳುತ್ತದೆ, ಕೇಳಿ ಪಡೆದುಕೊಳ್ಳಿ. ಠಾಣೆಯಲ್ಲಿ ದಾಖಲಿಸಿಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಬರೆದು ಕಳುಹಿಸಬಹುದು. ವಕೀಲರಿಗೆ ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವಿದೆ. ಸಂವಿಧಾನದ 25ನೇ ವಿಧಿ ಕೊಡುವ ಧಾರ್ಮಿಕ ಸ್ವಾತಂತ್ರ್ಯ ಎಲ್ಲರಿಗೂ ಇರುವಂತೆ ನಿಮಗೂ ಇದೆ. ಅದನ್ನು ವಿನಯದಿಂದ ಕೇಳಿ, ಆದರೆ ಕೇಳಿ. ದೂರಿನಲ್ಲಿ ಒಂದು ಸುಳ್ಳಕ್ಷರವೂ ಇರಬಾರದು. ಅಲ್ಲಿಲ್ಲದವನ ಹೆಸರು ಬರೆಸಿದರೆ ಅದು ಸೇಡಾಗುತ್ತದೆ.

ಮೂರನೆಯದು, ತಪ್ಪು ಮಾಡಿದವನ ಹೆಸರನ್ನು ಅವನ ಇಡೀ ಸಮುದಾಯಕ್ಕೆ ಅಂಟಿಸಬೇಡಿ. ಹೊಡೆದವರು ಹತ್ತು ಜನ. ನಮ್ಮ ಮಕ್ಕಳ ಜ್ವರಕ್ಕೆ ರಾತ್ರಿ ರಿಕ್ಷಾ ಓಡಿಸಿದ ನೆರೆಯವರು, ಹಬ್ಬಕ್ಕೆ ಪಾಯಸ ಕಳುಹಿಸುವ ಮನೆಯವರು ಆ ಹತ್ತರಲ್ಲಿಲ್ಲ. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಯ ತಟ್ಟೆ ಹಂಚುವುದನ್ನು ಗಲಾಟೆಯಾದ ವರ್ಷ ನಿಲ್ಲಿಸಬೇಡಿ, ಆ ವರ್ಷ ಇನ್ನೆರಡು ಮನೆ ಹೆಚ್ಚು ಹತ್ತಿ. ಅವರ ಸಂಶಯಗಳನ್ನು ಕೇಳಿಸಿಕೊಳ್ಳಿ. ಅವರ ದೇವರನ್ನು, ಆಚರಣೆಯನ್ನು ಹೀಯಾಳಿಸುವ ಮಾತು ನಿಮ್ಮ ಬಾಯಿಂದಾಗಲಿ ನಿಮ್ಮ ಸಭೆಯ ಮೈಕಿನಿಂದಾಗಲಿ ಬರದಂತೆ ನೋಡಿಕೊಳ್ಳಿ. ಹಾಗೆ ಮಾತಾಡುವವರು ನಮ್ಮಲ್ಲೇ ಇದ್ದರೆ ಎದ್ದು ನಿಂತು ಬೇಡವೆನ್ನಿ.

ನಾಲ್ಕನೆಯದು, ಮುಂದಿನ ಬಾರಿ ಕರ್ತನ ಭೋಜನಕ್ಕೆ, ಬಲಿಪೂಜೆಗೆ ಹೋಗುವ ಮೊದಲು ನೀವು ಮಾತು ಬಿಟ್ಟಿರುವ ಒಬ್ಬರ ಮನೆಗೆ ಹೋಗಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎಂದು ಯೇಸು ಹೇಳಿದ್ದು ಇದನ್ನೇ. ಮನೆಯಲ್ಲಿ ಇದನ್ನು ಅಭ್ಯಾಸ ಮಾಡದವರಿಗೆ ಬೀದಿಯಲ್ಲಿ ಅದು ಸಾಧ್ಯವಾಗುವುದಿಲ್ಲ.

ಐದನೆಯದು, ನಿಮ್ಮನ್ನು ನೋಯಿಸಿದವರಿಗಾಗಿ ಹೆಸರು ಹಿಡಿದು ಪ್ರಾರ್ಥಿಸಿ. ಮೊದಲು ನಾಲಿಗೆ ಏಳುವುದಿಲ್ಲ, ನನಗೆ ಗೊತ್ತು. ಆದರೂ ಅವರ ಮಕ್ಕಳ ಆರೋಗ್ಯಕ್ಕಾಗಿ, ಅವರ ಮನೆಯ ಅನ್ನಕ್ಕಾಗಿ ಬೇಡಿಕೊಳ್ಳಿ. ಯಾರ ಮಕ್ಕಳಿಗಾಗಿ ನೀವು ಪ್ರಾರ್ಥಿಸುತ್ತೀರೋ ಅವರ ಮನೆಗೆ ಬೆಂಕಿ ಹಚ್ಚಲು ನಿಮಗೆ ಮನಸ್ಸು ಬರುವುದಿಲ್ಲ.

ನೀವು ಹೇಡಿಗಳಾಗಿ ಬಾಳಬೇಕೆಂದು ನಾನು ಕೇಳುತ್ತಿಲ್ಲ. ಗ್ಲಾಡಿಸ್ ಸ್ಟೇನ್ಸ್, ಸೆಲ್ಮಿ ಪಾಲ್ ಇವರಿಗಿಂತ ಧೈರ್ಯವಂತರನ್ನು ನನಗೆ ತೋರಿಸಿ. ಆ ಧೈರ್ಯ ನಿಮ್ಮಲ್ಲೂ ಬೆಳೆಯಲಿ. ಕೇಡನ್ನು ಕೇಡೆಂದು ಕರೆಯಿರಿ, ನ್ಯಾಯವನ್ನು ಕೊನೆಯವರೆಗೂ ಕೇಳಿರಿ, ಕೇಡು ಮಾಡಿದವನು ನಿಮ್ಮ ಬಾಗಿಲಿಗೆ ಬಂದು ನೀರು ಕೇಳಿದ ದಿನ ಕೊಡಿರಿ. ಇಷ್ಟನ್ನು ಮಾಡಿದರೆ ನೀವು ಯಾರ ಶಿಷ್ಯರೆಂದು ಊರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಶಾಂತಿಯ ದೇವರು ನಿಮ್ಮೆಲ್ಲರೊಂದಿಗೆ ಇರಲಿ.

ಇತಿ,
ಕರ್ತನ ಸೇವೆಯಲ್ಲಿ ನಿಮ್ಮ ಸಹೋದರಿ,
ನಿವೃತ್ತ ಸಂಡೇ ಸ್ಕೂಲ್ ಶಿಕ್ಷಕಿ,
ಮಂಗಳೂರು